ಇಂಗ್ಲಿಷ್ ಪುಸ್ತಕದ ಬೂಸಾ

೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ಆ ಒಂದು ಮಾತಿಗೆ ಊರೂರು ಹೊತ್ತಿಕೊಂಡಿತು. ಹಾಸ್ಟೆಲಿನಲ್ಲಿದ್ದ ನಮ್ಮ ಹುಡುಗರು ಒದೆ ತಿಂದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆ ಬೆಂಕಿಯಿಂದಲೇ ಕಿಡಿ ತೆಗೆದುಕೊಂಡು ದಲಿತ ಸಂಘರ್ಷ ಸಮಿತಿ ಎದ್ದಿತು, ೧೯೭೯ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಇದೆಲ್ಲ ಈ ಪುಟಗಳನ್ನು ಓದುವವರಿಗೆ ಹೊಸದಲ್ಲ. ಆದರೆ ಆ ಮಾತಿಗೆ ಇನ್ನೊಂದು ಅರ್ಧ ಇತ್ತು. ಇಂಗ್ಲಿಷ್ ಓದಿ ಎಂದೂ ಅವರು ಹುಡುಗರಿಗೆ ಹೇಳಿದ್ದರು. ಮೊದಲ ಅರ್ಧಕ್ಕೆ ಬೀದಿಗೆ ಇಳಿದು ಜಗಳ ಆಡಿದ ನಾಡು ಎರಡನೇ ಅರ್ಧವನ್ನು ಸದ್ದಿಲ್ಲದೆ ನುಂಗಿಕೊಂಡಿತು. ಕನ್ನಡದ ಬೂಸಾವನ್ನು ನಾವು ಜರಡಿ ಹಿಡಿದದ್ದಾಯಿತು. ಇಂಗ್ಲಿಷಿನ ಹೆಸರಿನಲ್ಲಿ ನಮ್ಮ ಮಕ್ಕಳ ಮುಂದೆ ಸುರಿಯುತ್ತಿರುವ ಮೇವಿನಲ್ಲಿ ಕಾಳೆಷ್ಟು, ಬೂಸಾ ಎಷ್ಟು ಎಂದು ಯಾರು ನೋಡಿದ್ದಾರೆ?

೨೦೨೨ರಲ್ಲಿ ಪಠ್ಯಪುಸ್ತಕದ ಗಲಾಟೆ ಎದ್ದಾಗಲೂ ಹಂಗೇ ಆಯಿತು. ಒಂಬತ್ತನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಬಾಬಾಸಾಹೇಬರ ಹೆಸರಿನ ಜೊತೆಗಿದ್ದ 'ಸಂವಿಧಾನ ಶಿಲ್ಪಿ' ಎಂಬ ಮಾತು ಮಾಯವಾಗಿತ್ತು. ದೇವನೂರ ಮಹಾದೇವ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. ಅದು ಆಗಬೇಕಾದ ಜಗಳವೇ. ಆದರೆ ಜಗಳವೆಲ್ಲ ಬಹುಪಾಲು ಕನ್ನಡದ ಪುಸ್ತಕ ಮತ್ತು ಸಮಾಜದ ಪುಸ್ತಕದ ಸುತ್ತಲೇ ನಡೆಯಿತು. ಇಂಗ್ಲಿಷ್ ಪುಸ್ತಕಕ್ಕೆ ಜಾತಿ ಇಲ್ಲ, ಅದರಲ್ಲಿ ಇರುವುದು ಬರೀ ಗ್ರಾಮರು ಅಂತ ಎಲ್ಲರೂ ತಿಳಿದಂತಿತ್ತು.

ಇಂಗ್ಲಿಷ್ ಬೇಡ ಎನ್ನುವ ಪೈಕಿ ನಾವಲ್ಲ. ೧೮೫೪ರಲ್ಲಿ 'ಕಾವ್ಯಫುಲೆ' ಪ್ರಕಟಿಸಿದ ಸಾವಿತ್ರಿಬಾಯಿ ಫುಲೆ ಇಂಗ್ಲಿಷನ್ನು ತಾಯಿ ಎಂದು ಕರೆದವರು. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು ೨೦೦೭ರಲ್ಲಿ. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ೨೦೧೯ರಲ್ಲಿ. ಆಗೆಲ್ಲ ಸಾಹಿತಿಗಳು ಕನ್ನಡ ಸತ್ತೇ ಹೋಯಿತು ಎಂದು ಅತ್ತರು. ಹೀಗೆ ಅತ್ತವರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಸರ್ಕಾರಿ ಕನ್ನಡ ಶಾಲೆಯಲ್ಲಿದ್ದಾರೆ ಎಂದು ಕೇಳುವುದು ಸಭ್ಯತೆಯಲ್ಲ, ಬಿಡಿ. ಕೂಲಿ ಮಾಡುವ ಅವ್ವ ತನ್ನ ಮಗಳಿಗೆ ಇಂಗ್ಲಿಷ್ ಬರಲಿ ಎಂದು ಕೇಳಿದರೆ ಅದು ಬೆಪ್ಪುತನವಲ್ಲ, ಲೋಕ ನೋಡಿದ ಬುದ್ಧಿ. ಪ್ರಶ್ನೆ ಇರುವುದು ಆಮೇಲೆ. ಕೇಳಿದ್ದನ್ನು ಕೊಟ್ಟರೋ, ಕೊಟ್ಟಂತೆ ಮಾಡಿದರೋ?

ಹೈಸ್ಕೂಲಿನ ಇಂಗ್ಲಿಷ್ ಕ್ಲಾಸಿನಲ್ಲಿ ಮಗುವಿನ ಕೈಗೆ ಸಿಗುವ ಸಾಮಾನು ಏನು? ಸರ್ಕಾರದ ಪುಸ್ತಕ ಒಂದು. ಪೇಟೆಯಲ್ಲಿ ಕೊಳ್ಳುವ ಗೈಡು ಒಂದು. ಪರೀಕ್ಷೆ ಹತ್ತಿರ ಬಂದಾಗ 'ಪಾಸಿಂಗ್ ಪ್ಯಾಕೇಜ್' ಎಂಬ ಜೆರಾಕ್ಸ್ ಕಟ್ಟು, ಅಂದರೆ ಬರಬಹುದಾದ ಪ್ರಶ್ನೆ, ಕೊಡಬೇಕಾದ ಉತ್ತರ, ಅಷ್ಟೇ. ಮೇಷ್ಟ್ರ ಮೇಜಿನ ಮೇಲೆ ರೆನ್ ಮತ್ತು ಮಾರ್ಟಿನ್ ಗ್ರಾಮರು, ೧೯೩೦ರ ದಶಕದ್ದು, ಇವತ್ತಿಗೂ ಅದೇ ಗ್ರಾಮರಿನ ವೇದ. ಇವುಗಳಲ್ಲಿ ಪುಸ್ತಕ ಹೋಗಿ ಗೈಡು ಉಳಿಯುತ್ತದೆ, ಗೈಡು ಹೋಗಿ ಪ್ಯಾಕೇಜು ಉಳಿಯುತ್ತದೆ. ಬಡವರ ಮಗುವಿನ ಪಾಲಿಗೆ ಇಂಗ್ಲಿಷ್ ಎಂದರೆ ಕೊನೆಗೆ ಆ ಜೆರಾಕ್ಸ್ ಕಟ್ಟೇ. ಎಂಬತ್ತು ಅಂಕದ ಪ್ರಶ್ನೆಪತ್ರಿಕೆಗೆ ಪಾಸಾಗುವಷ್ಟು ಕಟ್ಟಿಕೊಟ್ಟ ಬುತ್ತಿ. ಬರೆದು ಬಂದ ಸಾಯಂಕಾಲಕ್ಕೆ ಖಾಲಿ. ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ರಿಸಲ್ಟು ಕಡಿಮೆ ಬಂದರೆ ನೋಟೀಸು ಬರುವುದು ಅವರಿಗೇ.

ಹತ್ತನೇ ಕ್ಲಾಸಿನ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕವನ್ನೇ ತೆಗೆದುಕೊಳ್ಳೋಣ, ನಮ್ಮ ರಾಜ್ಯದ ಕನ್ನಡ ಮಾಧ್ಯಮದ ಮಕ್ಕಳು ಎಷ್ಟೋ ವರ್ಷಗಳಿಂದ ಓದಿಕೊಂಡು ಬಂದದ್ದು. ಕೆಟ್ಟ ಪುಸ್ತಕವೇನಲ್ಲ. ಆರ್. ಕೆ. ನಾರಾಯಣರ ಕತೆ ಇದೆ, ರಸ್ಕಿನ್ ಬಾಂಡರ ಪದ್ಯ ಇದೆ, ಗೋಕಾಕರ ಪದ್ಯ ಇದೆ. ಅದರಲ್ಲಿ ಮೂರು ಪಾಠ ನಮಗೆ ಮುಖ್ಯ. ಮೂರೂ ಒಂದೇ ರಟ್ಟಿನೊಳಗೆ ಇವೆ, ಒಂದಕ್ಕೊಂದು ಮುಖ ನೋಡಿಲ್ಲ.

ಒಂದು, 'ಜಾಝ್ ಪೊಯೆಮ್ ಟೂ'. ಕಾರ್ಲ್ ವೆಂಡೆಲ್ ಹೈನ್ಸ್ ಎಂಬ ಅಮೆರಿಕದ ಕಪ್ಪು ಕವಿಯದು. ಬೆವರಿನಿಂದ ಕಂದಿದ ಅಂಗಿ, ಸವೆದುಹೋದ ಬೂಟು ಹಾಕಿಕೊಂಡ ಮುದುಕನೊಬ್ಬ ಎದೆಯ ಮೇಲೆ ಸ್ಯಾಕ್ಸೊಫೋನು ತೂಗುಬಿಟ್ಟುಕೊಂಡು ನಿಂತಿದ್ದಾನೆ. ಅದನ್ನು ತುಟಿಗೆ ಇಟ್ಟಾಗ ಅವನು ಬೇರೆಯೇ ಆಗಿಬಿಡುತ್ತಾನೆ. ಗೈಡಿನಲ್ಲಿ ಇದಕ್ಕೆ ಏನು ಮಾಡುತ್ತಾರೆ? ಉಪಮೆ ಯಾವುದು, ರೂಪಕ ಯಾವುದು, ಮುದುಕನ ಬಟ್ಟೆ ವರ್ಣಿಸಿ. ಜಾಝ್ ಎಂದರೆ ಒಂದು ಬಗೆಯ ಸಂಗೀತ. ಮುಗೀತು! ಯಾರ ಸಂಗೀತ? ಗುಲಾಮರ ಮಕ್ಕಳು ಮೊಮ್ಮಕ್ಕಳು ನ್ಯೂ ಆರ್ಲಿಯನ್ಸಿನ ಬೀದಿಗಳಲ್ಲಿ ಕಟ್ಟಿದ ಸಂಗೀತ ಎನ್ನುವುದು ಎರಡು ಅಂಕದ ಉತ್ತರಕ್ಕೆ ಬೇಡವೇ ಬೇಡ. ಅದೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ತಮಟೆಯವರ ಮಗ ಕೂತಿರುತ್ತಾನೆ. ಅವರಪ್ಪ ಹಗಲೆಲ್ಲ ಯಾರದೋ ಹೊಲದಲ್ಲಿ ಬಗ್ಗಿದವನು, ಜಾತ್ರೆಯ ರಾತ್ರಿ ತಮಟೆ ಕಾಯಿಸಿ ಹೆಗಲಿಗೆ ಹಾಕಿಕೊಂಡರೆ ಬೇರೆಯೇ ಮನುಷ್ಯ. ಆ ಪದ್ಯದ ಅರ್ಥ ಇಡೀ ಕ್ಲಾಸಿನಲ್ಲಿ ಯಾರಿಗಾದರೂ ಮೈಯೊಳಗೆ ಗೊತ್ತಿದ್ದರೆ ಅವನಿಗೆ ಗೊತ್ತು. ಆದರೆ ಅವನು ಆ ಪದ್ಯದಲ್ಲಿ ಫೇಲು. ತಮಟೆ ಒಂದನ್ನು ಕ್ಲಾಸಿಗೆ ತಂದಿಟ್ಟು ಈ ಪದ್ಯ ಓದಿದರೆ ಸಾಕಿತ್ತು, ಚಾರ್ಟು, ಪ್ರೊಜೆಕ್ಟರು ಯಾವುದೂ ಬೇಕಿರಲಿಲ್ಲ. ಆದರೆ ತಮಟೆ ಊರ ಗುಡಿಯ ಮುಂದೆ ಬರಬಹುದು, ಸ್ಕೂಲಿನೊಳಗೆ ಬರುವಂತಿಲ್ಲವಲ್ಲ.

ಎರಡು, 'ಕ್ವಾಲಿಟಿ ಆಫ್ ಮರ್ಸಿ'. ಶೇಕ್ಸ್‌ಪಿಯರನ ನಾಟಕದಿಂದ ಕಿತ್ತು ತಂದ ಪೋರ್ಷಿಯಾಳ ಮಾತು. ಇದನ್ನು ಬಾಯಿಪಾಠ ಮಾಡಿಸುತ್ತಾರೆ. ದಯೆ ದೊಡ್ಡದು, ದಯೆ ದೇವರ ಗುಣ ಎಂದು ನಮ್ಮ ಮಕ್ಕಳು ಹಗ್ಗ ಹೊಸೆದಂತೆ ಒಪ್ಪಿಸುತ್ತಾರೆ. ಆದರೆ ಈ ದಯೆಯನ್ನು ಯಾರ ಹತ್ತಿರ ಕೇಳುತ್ತಿದ್ದಾರೆ? ಶೈಲಾಕನ ಹತ್ತಿರ. ಯಾರವನು? ಅವನ ಗಡ್ಡದ ಮೇಲೆ ಉಗಿದವರು, ನಾಯಿ ಎಂದು ಕರೆದವರು ಈಗ ಅವನ ಮುಂದೆ ನಿಂತು ದಯೆಯ ಪಾಠ ಹೇಳುತ್ತಿದ್ದಾರೆ. ಅದೇ ಕೋರ್ಟಿನಲ್ಲಿ ಕೊನೆಗೆ ಅವನ ಆಸ್ತಿಗೂ ಧರ್ಮಕ್ಕೂ ಕೈಹಾಕುತ್ತಾರೆ, ಅದು ಅವರ ದಯೆ. ಶೈಲಾಕ್ ಒಳ್ಳೆಯವನು ಎಂದು ನಾವು ವಾದ ಮಾಡುತ್ತಿಲ್ಲ. ಶೇಕ್ಸ್‌ಪಿಯರನಿಗೆ ಗೊತ್ತಿದ್ದ ಒಂದು ವಿಷಯ, ಉಗಿಸಿಕೊಂಡವನ ಕಡೆಯಿಂದಲೂ ಕತೆ ಇದೆ ಎನ್ನುವುದು, ನಮ್ಮ ಪುಸ್ತಕಕ್ಕೆ ಬೇಕಾಗಲಿಲ್ಲ. ನಾಟಕ ಹೋಯಿತು, ಸುಭಾಷಿತ ಉಳಿಯಿತು. ನಮ್ಮ ಪುರೋಹಿತರು ಕನ್ನಡದಲ್ಲಿ ಮಾಡಿದ್ದನ್ನೇ ಇಲ್ಲಿ ಇಂಗ್ಲಿಷಿನಲ್ಲಿ ಮಾಡಿದ್ದಾರೆ.

ಮೂರನೆಯದು 'ಡಾ. ಬಿ. ಆರ್. ಅಂಬೇಡ್ಕರ್' ಎಂಬ ಗದ್ಯಪಾಠ. ಇದ್ದುದನ್ನು ಇದ್ದಂತೆ ಹೇಳಬೇಕು, ಪಾಠದಲ್ಲಿ ಗೌರವ ಇದೆ. ಅಮೆರಿಕದಲ್ಲಿ ಓದುವಾಗ ಹದಿನಾಲ್ಕನೇ ತಿದ್ದುಪಡಿಯನ್ನೂ ಕಪ್ಪು ಜನರ ಸ್ಥಿತಿಯನ್ನೂ ಕಂಡದ್ದು, ಫುಲೆಯವರ ಪ್ರಭಾವ, ಸಂವಿಧಾನ ಎಲ್ಲ ಬರುತ್ತದೆ. ನ್ಯೂಯಾರ್ಕಿನಲ್ಲಿ ಎರಡು ಸಾವಿರ ಹಳೆ ಪುಸ್ತಕ ಕೊಂಡದ್ದು, ಎರಡನೇ ದುಂಡುಮೇಜಿನ ಪರಿಷತ್ತಿನ ಕಾಲಕ್ಕೆ ಲಂಡನ್ನಿನಲ್ಲಿ ಕೊಂಡ ಪುಸ್ತಕ ೩೨ ಪೆಟ್ಟಿಗೆಯಾದದ್ದೂ ಬರುತ್ತದೆ. ನಮ್ಮ ಮಕ್ಕಳಿಗೆ ನೆನಪಿರುವುದು ಈ ಎರಡು ಅಂಕಿಗಳೇ, ಪ್ರಶ್ನೆ ಕೇಳುವುದಕ್ಕೆ ಸುಲಭವಲ್ಲವೇ. ಇಷ್ಟು ಓದಿದ ಮನುಷ್ಯ ಬರೆದದ್ದು ಏನು? ಅದರ ಒಂದು ಪುಟ ಮಕ್ಕಳಿಗೆ ಇಲ್ಲ. ಬಾಬಾಸಾಹೇಬರ ಬಗ್ಗೆ ಇಂಗ್ಲಿಷ್ ಇದೆ, ಬಾಬಾಸಾಹೇಬರ ಇಂಗ್ಲಿಷ್ ಇಲ್ಲ. ಫೋಟೋಗೆ ಹಾರ ಹಾಕಿ ಬಾಯಿಗೆ ಬೀಗ ಹಾಕುವ ಕೆಲಸ ಊರ ಸರ್ಕಲ್ಲುಗಳಲ್ಲಿ ನಡೆಯುವುದು ಗೊತ್ತಿತ್ತು, ಪಠ್ಯಪುಸ್ತಕದಲ್ಲೂ ನಡೆಯುತ್ತದೆ.

ಈ ದಯೆಯ ಪದ್ಯ ಮತ್ತು ಹಕ್ಕು ಕೇಳಿದವನ ಪಾಠ, ಎರಡನ್ನೂ ಒಂದೇ ವಾರ ಎದುರುಬದುರು ಕೂರಿಸಿ ಓದಿಸಿದ್ದರೆ ಎಂಥ ಕ್ಲಾಸು ಆಗುತ್ತಿತ್ತು! ದಯೆ ಸಾಕೋ, ನ್ಯಾಯ ಬೇಕೋ? ಹದಿನೈದು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚರ್ಚೆಯ ವಿಷಯ ಯಾವುದಿದೆ?

ಪಿಯುಸಿಗೆ ಹೋದವರಿಗೆ ನಮ್ಮೋರು ಸಿಗುತ್ತಾರೆ ಎನ್ನಿ. ಪಿಯು ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಮೂಡ್ನಾಕೂಡು ಚಿನ್ನಸ್ವಾಮಿಯವರ ಮರದ ಪದ್ಯ ಇಂಗ್ಲಿಷಾಗಿ ಬಂದಿದೆ. ತೆಲುಗಿನ ಚಲ್ಲಪಲ್ಲಿ ಸ್ವರೂಪರಾಣಿಯವರ ನೀರಿನ ಪದ್ಯ ಇದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ ಇದ್ದಾನೆ. ಕೇಂದ್ರದ ಎನ್‌ಸಿಇಆರ್‌ಟಿಯೂ ಬಾಮಾ ಅವರ ಬಾಲ್ಯದ ನೆನಪನ್ನು ಇಟ್ಟದ್ದು ಹನ್ನೆರಡನೇ ಕ್ಲಾಸಿನಲ್ಲಿ. ಇದರ ಲೆಕ್ಕಾಚಾರ ನೋಡಿ: ನಮ್ಮ ಬದುಕಿರುವ ಪಾಠಗಳನ್ನು ಎಸ್ಸೆಸ್ಸೆಲ್ಸಿ ಎಂಬ ಗೇಟಿನ ಆಚೆ ಕಡೆ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಫೇಲಾಗಿ ಗಾರ್ಮೆಂಟ್ಸಿಗೋ ಗಾರೆ ಕೆಲಸಕ್ಕೋ ಹೋದ ಹುಡುಗಿಗೆ, ಹುಡುಗನಿಗೆ, ಇಂಗ್ಲಿಷಿನಲ್ಲಿ ತಮ್ಮಂಥವರೂ ಮಾತಾಡಿದ್ದಾರೆ ಎನ್ನುವ ಸುದ್ದಿಯೇ ತಲುಪುವುದಿಲ್ಲ.

ಡಗ್ಲಾಸನ ಹೆಸರು ಬಂದದ್ದಕ್ಕೆ ಒಂದು ಮಾತು. ೧೮೪೫ರಲ್ಲಿ ಬಂದ ತನ್ನ ಜೀವನಚರಿತ್ರೆಯಲ್ಲಿ ಅವನು 'ಕೊಲಂಬಿಯನ್ ಒರೇಟರ್' ಎಂಬ ಪುಸ್ತಕದ ಬಗ್ಗೆ ಹೇಳುತ್ತಾನೆ. ಅದೇನು ಕ್ರಾಂತಿಯ ಗ್ರಂಥವಲ್ಲ, ೧೭೯೭ರಲ್ಲಿ ಬಿಳಿಯರ ಮಕ್ಕಳಿಗೆ ಮಾತುಗಾರಿಕೆ ಕಲಿಸಲು ಮಾಡಿದ ಶಾಲಾ ಪುಸ್ತಕ. ಅದರೊಳಗೆ ಒಬ್ಬ ಯಜಮಾನ ಮತ್ತು ಗುಲಾಮನ ಸಂವಾದ ಇತ್ತು, ಗುಲಾಮ ವಾದ ಮಾಡಿ ಗೆಲ್ಲುತ್ತಾನೆ. ಹನ್ನೆರಡು ವರ್ಷದ ಗುಲಾಮ ಹುಡುಗನಿಗೆ ಅಷ್ಟು ಸಾಕಾಯಿತು. ಶಾಲಾ ಪುಸ್ತಕ ಸಣ್ಣ ವಸ್ತುವಲ್ಲ. ಯಾವ ಪುಟ ಯಾರ ಕೈಗೆ ಯಾವ ವಯಸ್ಸಿನಲ್ಲಿ ಸಿಗುತ್ತದೆ ಎನ್ನುವುದರ ಮೇಲೆ ಒಂದು ಬದುಕು ತಿರುಗುತ್ತದೆ.

ಇನ್ನು ಕಲಿಸುವ ವಿಧಾನ. ಇಂಗ್ಲಿಷ್ ಕಲಿಸುವುದರ ಬಗ್ಗೆ ಲೋಕವೇ ತಿರುಗಿ ನೋಡಿದ ಒಂದು ಕೆಲಸ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಇದೆ. ಎನ್. ಎಸ್. ಪ್ರಭು ಎಂಬುವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು ಮತ್ತು ಮದ್ರಾಸಿನ ಕಡೆಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ. ಪರದೇಶದ ಪುಸ್ತಕಗಳು ಅದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎನ್ನುತ್ತವೆ. ದುಬಾರಿ ಸಲಕರಣೆ ಒಂದೂ ಇರಲಿಲ್ಲ. ಕರಿಹಲಗೆ, ಸೀಮೆಸುಣ್ಣ, ಕಾಗದ. ಗ್ರಾಮರು ಹೇಳಿಕೊಡುವ ಬದಲು ಮಕ್ಕಳಿಗೆ ಒಂದು ಲೆಕ್ಕ ಕೊಡುವುದು: ಇದು ರೈಲಿನ ವೇಳಾಪಟ್ಟಿ, ಇಷ್ಟು ಹೊತ್ತಿಗೆ ಅಲ್ಲಿರಬೇಕಾದರೆ ಯಾವ ರೈಲು ಹಿಡಿಯಬೇಕು? ಇದು ಊರ ನಕ್ಷೆ, ಇಲ್ಲಿಂದ ಅಲ್ಲಿಗೆ ದಾರಿ ಹೇಳು. ಮೊದಲು ಮೇಷ್ಟ್ರ ಜೊತೆ ಇಡೀ ಕ್ಲಾಸು ಒಂದು ಲೆಕ್ಕ ಬಿಡಿಸುತ್ತದೆ, ಆಮೇಲೆ ಅಂಥದೇ ಇನ್ನೊಂದನ್ನು ಮಗು ತಾನೇ ಬಿಡಿಸುತ್ತದೆ. ಮನಸ್ಸು ಅರ್ಥದ ಮೇಲೆ ಇದ್ದಾಗ ಭಾಷೆ ತಾನಾಗಿ ಕೂರುತ್ತದೆ ಎನ್ನುವುದು ಪ್ರಭು ಅವರ ನಂಬಿಕೆ. ನಮಗೂ ಇದು ಸರಿ ಕಾಣುತ್ತದೆ. ಕೂಸು ಮಾತು ಕಲಿಯುವುದು ಹಸಿವೆಯಿಂದ, ವಿಭಕ್ತಿಯಿಂದಲ್ಲ.

ಆದರೆ ಅಲ್ಲಿಯೂ ಒಂದು ಕೊರತೆ ಇದೆ. ರೈಲಿನ ವೇಳಾಪಟ್ಟಿಗೆ ಜಾತಿ ಇಲ್ಲ. ರೈಲು ಇಳಿದ ಮೇಲೆ ಇದೆ.

ಈ ಮಾತನ್ನು ನಾವು ಚಮತ್ಕಾರಕ್ಕೆ ಹೇಳಲಿಲ್ಲ. ಸುಮಾರು ೧೯೦೧ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ ಮನೆಯ ಇತರ ಹುಡುಗರ ಜೊತೆ ಮಸೂರು ಎಂಬ ಸ್ಟೇಷನ್ನಿನಲ್ಲಿ ರೈಲು ಇಳಿದ. ಸಾಯಂಕಾಲ ಐದು ಗಂಟೆ. ಕೋರೆಗಾಂವಿನಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟವರು. ಮೈಮೇಲೆ ಹೊಸ ಅಂಗಿ, ಜರಿ ಟೋಪಿ, ಹೊಸ ಬೂಟು. ಬರುತ್ತೇವೆ ಎಂದು ಕಾಗದ ಬರೆದಿದ್ದರೂ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ್ ಅಕ್ಕರೆಯಿಂದಲೇ ವಿಚಾರಿಸಿದ, ಮಹಾರರ ಮಕ್ಕಳು ಎಂದು ತಿಳಿದ ಕೂಡಲೇ ಮುಖ ಬದಲಾಯಿಸಿ ಒಳಗೆ ಹೋದ. ಎರಡು ಪಟ್ಟು ಬಾಡಿಗೆ ಕೊಡುತ್ತೇವೆಂದ ಮೇಲೆ ಒಬ್ಬ ಗಾಡಿಯವನು ಒಪ್ಪಿದ. ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ತಿಂಡಿ ಇತ್ತು, ದಾರಿಯುದ್ದಕ್ಕೂ ಕುಡಿಯುವ ನೀರು ಸಿಗಲಿಲ್ಲ. ನಡುರಾತ್ರಿ ಸುಂಕದ ಕಟ್ಟೆಯವನ ಹತ್ತಿರ ಮುಸಲ್ಮಾನರೆಂದು ಹೇಳಿಕೊಂಡು ಉರ್ದುವಿನಲ್ಲಿ ಕೇಳಿದರೂ ಸಿಗಲಿಲ್ಲ. ಹಸಿದೇ ಮಲಗಿದರು. ಕಾಗದ ಅಪ್ಪನ ಆಳಿನ ಕೈಗೆ ಬಂದಿತ್ತು, ಅವನು ಕೊಡುವುದನ್ನು ಮರೆತಿದ್ದ.

ಆ ಹುಡುಗ ದೊಡ್ಡವನಾಗಿ ಇದನ್ನು ತಾನೇ ಇಂಗ್ಲಿಷಿನಲ್ಲಿ ಬರೆದ. 'ವೇಟಿಂಗ್ ಫಾರ್ ಎ ವೀಸಾ'. ೧೯೩೦ರ ದಶಕದ ಮಧ್ಯದಲ್ಲಿ ಬರೆದದ್ದು, ಪುಸ್ತಕವಾಗಿ ಬಂದದ್ದು ೧೯೯೦ರಲ್ಲಿ. ಮಹಾರಾಷ್ಟ್ರ ಸರ್ಕಾರದ ಸಮಗ್ರ ಬರಹಗಳ ಹನ್ನೆರಡನೇ ಸಂಪುಟದಲ್ಲಿ ಇದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಇದನ್ನು ಪಾಠವಾಗಿ ಓದಿಸಿದೆ. ನಮ್ಮ ತಾಲ್ಲೂಕಿನ ಹೈಸ್ಕೂಲು ಇನ್ನೂ ವೀಸಾಕ್ಕಾಗಿ ಕಾಯುತ್ತಿದೆ.

ಈ ಬರಹದ ಇಂಗ್ಲಿಷ್ ಎಂಥದು ಗೊತ್ತೇ? ಸಣ್ಣ ಸಣ್ಣ ವಾಕ್ಯ. ಹೋದೆವು, ಬಂದೆವು, ಕೇಳಿದ, ಹೇಳಿದೆವು. ಅಲಂಕಾರವಿಲ್ಲ, ಕಣ್ಣೀರಿಲ್ಲ, ಸಾಕ್ಷಿ ಹೇಳುವವನ ಭಾಷೆ. ಹತ್ತನೇ ಕ್ಲಾಸಿನ ಪಾಠದಲ್ಲಿ ಅವರನ್ನು ಹೊಗಳಲು 'ವೊರೇಷಿಯಸ್' ಎಂಬ ಪದ ಬೇಕಾಗಿದೆ. ಅವರು ತಮ್ಮ ಬಾಯಾರಿಕೆ ಹೇಳಲು ನೀರು ಎಂಬ ಪದ ಬಿಟ್ಟು ಬೇರೇನನ್ನೂ ಬಳಸಿಲ್ಲ. ನಾವು ಭಾನುವಾರಗಳಂದು ಒಂದು ಹಾಸ್ಟೆಲಿನ ಹುಡುಗರ ಜೊತೆ ಕೂತು ಓದುವುದುಂಟು. ಈ ಮೊದಲ ಭಾಗವನ್ನು ಅವರ ಮುಂದೆ ಇಟ್ಟಾಗ ಒಬ್ಬ ಎರಡು ಪುಟ ತಾನೇ ಬೆರಳಿಟ್ಟು ಓದಿಕೊಂಡು, "ಅಣ್ಣ, ಇದು ಇಂಗ್ಲಿಷ್ ಅಲ್ವಾ? ಅರ್ಥ ಆಯ್ತದಲ್ಲ!" ಎಂದ. ಮರುಗಳಿಗೆಗೆ ಅವನ ಪಕ್ಕದವನು, "ಎಷ್ಟು ಮಾರ್ಕ್ಸಿಗೆ ಬತ್ತದಣ್ಣ ಇದು?" ಎಂದು ಕೇಳಿದ. ಇಬ್ಬರೂ ಸರಿಯಾದದ್ದನ್ನೇ ಕೇಳಿದರು.

ಇಂಥದ್ದನ್ನು ಕ್ಲಾಸಿಗೆ ತರಬೇಡಿ ಎನ್ನುವವರಿದ್ದಾರೆ, ಮಕ್ಕಳ ಮನಸ್ಸಿನಲ್ಲಿ ಜಾತಿ ಬಿತ್ತಿದಂತಾಗುತ್ತದೆ ಎಂದು. ಈ ಮಾತಿಗೆ ಉತ್ತರ ಕೊಡುವುದಿಲ್ಲ, ಬಿತ್ತಿ ಬೆಳೆದು ಕಣ ಮಾಡಿ ಆಗಿದೆ. ಆದರೆ ನಮ್ಮವರೇ ಕೆಲವರು ಎತ್ತುವ ಇನ್ನೊಂದು ಪ್ರಶ್ನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಈ ಪಾಠ ಓದಿದಾಗ ಎಲ್ಲರ ಕತ್ತು ತಿರುಗುವುದು ಕೇರಿಯ ಮಗುವಿನ ಕಡೆಗೆ. ಆ ಹೊತ್ತು ಆ ಮಗು ಏನು ಮಾಡಬೇಕು? ಸ್ಕಾಲರ್‌ಶಿಪ್ಪಿನ ಪಟ್ಟಿ ಗಟ್ಟಿಯಾಗಿ ಓದುವಾಗ ತಿರುಗುವ ಅದೇ ಕತ್ತುಗಳು. ನಮ್ಮ ಹೆಸರು ಆ ಪಟ್ಟಿಯಲ್ಲಿ ಬಂದ ದಿನಗಳ ಬಿಸಿ ನಮ್ಮ ಕಿವಿಯಲ್ಲಿ ಈಗಲೂ ಇದೆ. ಹಂಗಾಗಿ ಪಾಠ ಇಟ್ಟರೆ ಸಾಲದು, ಪ್ರಶ್ನೆ ಹೇಗೆ ಕೇಳುತ್ತೀರಿ ಎನ್ನುವುದರಲ್ಲೇ ಎಲ್ಲ ಇದೆ. 'ಆ ಹುಡುಗನಿಗೆ ಎಷ್ಟು ದುಃಖವಾಯಿತು, ವಿವರಿಸಿ' ಎಂದು ಕೇಳಿದಿರೋ, ಕೆಟ್ಟಿತು. ನೊಂದವನನ್ನೇ ಮತ್ತೆ ಎದ್ದು ನಿಲ್ಲಿಸಿ ತನ್ನ ನೋವಿನ ಲೆಕ್ಕ ಒಪ್ಪಿಸು ಎಂದಂತೆ. ಸಿಗುವುದು ಅದೇ ದಯೆ, ಪೋರ್ಷಿಯಾಳ ದಯೆ.

ಇಲ್ಲಿ ನಮಗೆ ಪ್ರಭು ಅವರ ರೈಲು ವೇಳಾಪಟ್ಟಿ ಬೇಕು. ಪ್ರಶ್ನೆ ಲೆಕ್ಕದ ಹಾಗಿರಲಿ, ಹುಡುಗನ ಮೇಲಲ್ಲ, ಅವನ ಸುತ್ತ ಇದ್ದವರ ಮೇಲೆ ಇರಲಿ. ಸತಾರಾದಿಂದ ಮಸೂರು, ಅಲ್ಲಿಂದ ಕೋರೆಗಾಂವ್, ಹಲಗೆಯ ಮೇಲೆ ದಾರಿ ಬರೆಯಿರಿ, ಯಾವ ಹೊತ್ತಿಗೆ ಎಲ್ಲಿದ್ದರು ಗುರುತಿಸಿ. ಸ್ಟೇಷನ್ ಮಾಸ್ತರನಿಗೆ ಮಕ್ಕಳ ಬಟ್ಟೆ ನೋಡಿ ಏನು ಅನ್ನಿಸಿತ್ತು, ಯಾವ ಒಂದು ಉತ್ತರದಿಂದ ಬದಲಾಯಿತು? ಎರಡು ಕಾಲಂ ಮಾಡಿ. ಗಾಡಿಯವನು ಎರಡು ಪಟ್ಟು ದುಡ್ಡು ಮುಟ್ಟಿದ, ಅದೇ ಮಕ್ಕಳ ಪಕ್ಕ ಕೂರಲಿಲ್ಲ. ದುಡ್ಡಿಗೆ ಇಲ್ಲದ ಮೈಲಿಗೆ ಹಲಗೆಗೆ ಹೇಗೆ ಬಂತು, ಅವನು ಕೊಡಬಹುದಾದ ಕಾರಣ ಬರೆಯಿರಿ. ಸುಂಕದ ಕಟ್ಟೆಯ ಮಾತುಕತೆಯನ್ನು ಪರೋಕ್ಷ ಮಾತಿಗೆ ತಿರುಗಿಸಿ, ನಿಮ್ಮ ರಿಪೋರ್ಟೆಡ್ ಸ್ಪೀಚು ಬಂತಲ್ಲ. ಆಳು ಮರೆತ ಆ ಕಾಗದವನ್ನು ಮಕ್ಕಳು ಹೇಗೆ ಬರೆದಿರಬಹುದು, ಬರೆಯಿರಿ, ನಿಮ್ಮ ಲೆಟರ್ ರೈಟಿಂಗೂ ಬಂತು. ಇದರಲ್ಲಿ ಕೇರಿಯ ಮಗು ತನ್ನ ಕತೆ ಹೇಳಬೇಕಾಗಿಲ್ಲ. ಉತ್ತರ ಹುಡುಕಬೇಕಾದವರು ಎಲ್ಲರೂ, ಊರೊಳಗಿನ ಮಗು ಸ್ವಲ್ಪ ಹೆಚ್ಚೇ ತಲೆ ಕೆರೆದುಕೊಳ್ಳಬೇಕು. ಕತ್ತುಗಳು ತಿರುಗಬೇಕಾದದ್ದು ಸ್ಟೇಷನ್ ಮಾಸ್ತರನ ಕಡೆಗೆ.

ಈ ಪಾಠದ ಪಕ್ಕಕ್ಕೇ ಸ್ವರೂಪರಾಣಿಯವರ ನೀರಿನ ಪದ್ಯವನ್ನು ಪಿಯುಸಿಯಿಂದ ಇಳಿಸಿ ತಂದಿಡಬಹುದು. ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ಭೀಮನಿಗೆ ನೀರು ಎನ್ನುವ ಸಂಗತಿಯೂ ಆ ಮೊದಲ ಭಾಗದಲ್ಲೇ ಇದೆ. ಅದು ಸ್ಕೂಲಿನ ವಿಷಯ, ಸ್ಕೂಲಿನಲ್ಲಿ ಮಾತಾಡಬಾರದೇ?

ಬೆಂಗಳೂರಿನ ಜ್ಞಾನಭಾರತಿಯಲ್ಲಿ ೧೯೬೩ರಿಂದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಪ್ರಾದೇಶಿಕ ಸಂಸ್ಥೆ ಇದೆ, ಜಿಲ್ಲೆಗೊಂದು ಡಯಟ್ ಇದೆ, ಪಠ್ಯಪುಸ್ತಕ ಸಂಘ ಇದೆ. ಅವರು ಮಾಡಲಿ, ಮಾಡಬೇಕಾದ್ದು ಅವರ ಕೆಲಸ. ಅಲ್ಲಿಯವರೆಗೆ ಸುಮ್ಮನೆ ಕೂರುವ ಅಗತ್ಯ ಇಲ್ಲ. ಆ ಮೊದಲ ಭಾಗ ಜೆರಾಕ್ಸ್ ಮಾಡಿದರೆ ಕೆಲವೇ ಹಾಳೆ, ಪಾಸಿಂಗ್ ಪ್ಯಾಕೇಜಿಗಿಂತ ಎಷ್ಟೋ ತೆಳು. ಹಾಸ್ಟೆಲಿನ ಹುಡುಗರೊಂದಿಗೆ ಕೂತು ಅದಕ್ಕೆ ಹೊಂದಿಸಿದ ಪ್ರಶ್ನೆಗಳನ್ನು, ಕನ್ನಡದಲ್ಲಿ ಅರ್ಥ ಬರೆದ ಪದಪಟ್ಟಿಯನ್ನು ನಾವು ಕೈಬರಹದಲ್ಲಿ ಇಟ್ಟುಕೊಂಡಿದ್ದೇವೆ. ಯಾವ ಮೇಷ್ಟ್ರಿಗೆ, ಯಾವ ಟೀಚರಮ್ಮನಿಗೆ ಬೇಕೋ ಅವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಲಿ, ಕಳಿಸುತ್ತೇವೆ. ಗಾಡಿಯವನ ಪ್ರಶ್ನೆಗೆ ತಮ್ಮ ಕ್ಲಾಸಿನಲ್ಲಿ ಬಂದ ಉತ್ತರಗಳನ್ನು ಅವರೂ ನಮಗೆ ಕಳಿಸಬೇಕು, ತಪ್ಪು ಇಂಗ್ಲಿಷಿನಲ್ಲಿದ್ದರೂ ತಿದ್ದದೆ.